ಲಾಕರ್ ನಂಬರ್ ಗೊತ್ತಿಲ್ಲದವರು ಮಾಡಿದ ಲಾಕರ್ ಶೆಲ್ಫ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಒಂದು ವಾರ ಲೇಟು. ಪ್ರೂಫ್ ನೋಡೋರು, ಲೇಔಟ್ ಮಾಡೋರು ಎಲ್ಲರೂ ಟೈಮಿಗೆ ಮುಗಿಸಿ ಕೊಟ್ಟಿದ್ರು, ಸಂಪಾದಕೀಯ ಬರೀದೆ ಕೂತಿದ್ದು ನಾನೇ, ಬೈಯೋದಿದ್ರೆ ನನಗೇ ಬೈರಿ.

ಜನವರಿ ಬಂತು ಅಂದ್ರೆ ಕನ್ನಡ ಕ್ಲಾಸ್ ಬಿಡೋ ಹೊತ್ತಿಗೆ ಪಾರ್ಕಿಂಗ್ ಲಾಟಲ್ಲಿ ಕಾಯ್ತಾ ನಿಂತಿರೋ ಅಪ್ಪ ಅಮ್ಮಂದಿರದ್ದು ಒಂದೇ ಮಾತು, ನಿಮ್ಮವನು ಈ ಸಮ್ಮರ್ ಏನು ಮಾಡ್ತಾನೆ. ಮುಂಚೆ ಎಲ್ಲಾ ಕೋಡಿಂಗು, ರೋಬಾಟಿಕ್ಸು ಅಂತಿತ್ತು, ಈಗ ಎರಡು ಮೂರು ವರ್ಷದಿಂದ ಹೈಸ್ಕೂಲ್ ಮಕ್ಕಳಿರೋ ಮನೇಲೆಲ್ಲಾ ಬಿಸಿನೆಸ್ ಕ್ಯಾಂಪ್, ಅಂದ್ರೆ ವ್ಯಾಪಾರ ಹೇಳಿಕೊಡೋ ಬೇಸಿಗೆ ಶಿಬಿರದ ಜ್ವರ. ಕಮಿಟಿ ಇಮೇಲ್‌ಗೂ ಅದೇ ಪ್ರಶ್ನೆ ಬರ್ತಾ ಇದೆ, ಒಳ್ಳೇ ಕ್ಯಾಂಪ್‌ಗಳ ಲಿಸ್ಟ್ ಹಾಕಿ ಅಂತ. ಲಿಸ್ಟ್ ಹಾಕೋಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ನನಗೆ ಗೊತ್ತಿರೋದು ಒಂದೇ ಒಂದು ಕ್ಯಾಂಪು, ಅದು ನನ್ನ ಮಗಳು ಹೋಗಿದ್ದು, ಆಮೇಲೆ ಗೊತ್ತಿರೋದು ಒಂದು ಕವರ್ ಕಥೆ. ಮೊದಲು ಕವರ್ ಕಥೆ ಹೇಳ್ತೀನಿ.

ಅವಳು ಹತ್ತನೇ ಗ್ರೇಡಲ್ಲಿದ್ದಾಗ ಮನೆಗೆ ಒಂದು ದಪ್ಪ ಕವರ್ ಬಂತು. ಒಳಗೆ ಕೆನೆ ಬಣ್ಣದ ಕಾಗದ, ಮೇಲುಗಡೆ ಕೈಯಾಡಿಸಿದ್ರೆ ಉಬ್ಬಾಗಿ ಸಿಗೋ ಚಿನ್ನದ ಬಣ್ಣದ ಸೀಲು, ನಿಮ್ಮ ಮಗಳನ್ನ ದೊಡ್ಡ ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿ ನಡೆಯೋ ಯುವ ಉದ್ಯಮಿಗಳ ಶಿಬಿರಕ್ಕೆ ನಾಮಿನೇಟ್ ಮಾಡಲಾಗಿದೆ ಅಂತ. ನಾಮಿನೇಟ್! ಯಾರು ಮಾಡಿದ್ರು, ಯಾಕೆ ಮಾಡಿದ್ರು ಅಂತ ಒಂದು ನಿಮಿಷ ಯೋಚನೆ ಮಾಡಿದ್ರೆ ಕೇಳಿ, ಫೋಟೋ ತೆಗೆದು ತವರಿನ ವಾಟ್ಸಾಪ್ ಗ್ರೂಪಿಗೂ ನಮ್ಮನೆಯವರ ಕಡೆ ಗ್ರೂಪಿಗೂ ಹಾಕಿಬಿಟ್ಟೆ. ಹತ್ತು ನಿಮಿಷದಲ್ಲಿ ಅಕ್ಕನ ಅತ್ತೆಯವರ ಆಶೀರ್ವಾದವೂ ಬಂದು ಬಿತ್ತು. ಮುಂದಿನ ವಾರ ಕ್ಲಾಸ್ ಹತ್ರ ಮೆಲ್ಲಗೆ ವಿಷಯ ಎತ್ತಿದ್ರೆ, ಅದೇ ಕವರ್ ಇನ್ನೂ ಮೂರು ಮನೆಗೆ ಬಂದಿದೆ. ಒಬ್ಬರಂತೂ ನಮ್ಮನೇಗೆ ಇದು ಎರಡನೇದು ಕಣ್ರೀ, ಹೋದ ವರ್ಷ ದೊಡ್ಡವನಿಗೂ ಬಂದಿತ್ತು ಅಂದ್ರು. ನನ್ನ ಮುಖ ನೋಡ್ಬೇಕಿತ್ತು.

ಇದು ಹೇಗಾಗುತ್ತೆ ಅಂದ್ರೆ, ಕಾಲೇಜ್ ಪ್ರವೇಶದ ಯಾವುದೋ ಪರೀಕ್ಷೆ ಬರೆಯೋವಾಗಲೋ ಸ್ಕೂಲಲ್ಲಿ ಕೊಡೋ ಯಾವುದೋ ಸರ್ವೇ ತುಂಬೋವಾಗಲೋ ನನ್ನ ವಿವರ ಕಾಲೇಜು, ಕಾರ್ಯಕ್ರಮ ನಡೆಸೋರಿಗೆ ಕೊಡಬಹುದು ಅಂತ ಒಂದು ಟಿಕ್ ಇರುತ್ತೆ, ಮಕ್ಕಳು ಓದದೆ ಒತ್ತಿರ್ತಾರೆ, ಆ ಹೆಸರಿನ ಪಟ್ಟಿಗಳು ದುಡ್ಡಿಗೆ ಕೈ ಬದಲಾಯಿಸುತ್ತೆ. ಅದಕ್ಕೆ ನಾಮಿನೇಷನ್ ಅನ್ನೋ ಪದ ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ. ಇನ್ನೊಂದು ವಿಷಯ, ಕ್ಯಾಂಪಸ್ಸಲ್ಲಿ ನಡೆಯೋ ಕ್ಯಾಂಪೆಲ್ಲಾ ಆ ಕಾಲೇಜಿನದ್ದೇ ಆಗಿರಲ್ಲ. ಬೇಸಿಗೇಲಿ ಹಾಸ್ಟೆಲ್ ರೂಮು, ಕ್ಲಾಸ್‌ರೂಮು ಖಾಲಿ ಇರುತ್ತಲ್ಲ, ಹೊರಗಿನ ಕಂಪನಿಗಳು ಬಾಡಿಗೆಗೆ ತಗೊಂಡು ನಡೆಸ್ತಾರೆ, ಬ್ರೋಷರಲ್ಲಿ ಮಾತ್ರ ಕಾಲೇಜಿನ ಗಡಿಯಾರ ಗೋಪುರ ದೊಡ್ಡದಾಗಿ ಹಾಕಿರ್ತಾರೆ. ಕಾಲೇಜೇ ನಡೆಸೋದಾದ್ರೆ ಸಾಮಾನ್ಯವಾಗಿ ಅವರದ್ದೇ ಡಾಟ್ ಇಡಿಯು ಅಂತ ಮುಗಿಯೋ ವೆಬ್‌ಸೈಟಲ್ಲಿ ಇರುತ್ತೆ, ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ವಾರ್ಟನ್ ಸ್ಕೂಲ್‌ನವರು ಹೈಸ್ಕೂಲ್ ಮಕ್ಕಳಿಗೆ ನಡೆಸೋ ಗ್ಲೋಬಲ್ ಯೂತ್ ಪ್ರೋಗ್ರಾಂ ಇದೆಯಲ್ಲ ಹಂಗೆ. 1881ರಲ್ಲಿ ಶುರುವಾದ ಬಿಸಿನೆಸ್ ಸ್ಕೂಲ್ ಅದು, ಅಲ್ಲಿಗೆ ಅರ್ಜಿ ಹಾಕಿ ಸೀಟು ಗಿಟ್ಟಿಸಬೇಕು, ಚಿನ್ನದ ಸೀಲಿನ ಕವರ್ ತಾನಾಗೇ ಮನೆಗೆ ಬರಲ್ಲ.

ಇರಲಿ. ಕ್ಯಾಂಪೇ ದಂಡ ಅಂತ ಹೇಳೋಕೆ ನಾನು ಕೂತಿಲ್ಲ, ನನ್ನ ಮಗಳ ವಿಷಯದಲ್ಲಿ ಅದು ಸುಳ್ಳಾಗುತ್ತೆ. ನಾನು ಹೇಳೋದು ಇಷ್ಟೇ, ಕ್ಯಾಂಪ್ ಮುಗಿಯೋದ್ರೊಳಗೆ ನಿಮ್ಮ ಮಗು ಗುರುತು ಪರಿಚಯ ಇಲ್ಲದ ಒಬ್ಬರ ಹತ್ರ ಹೋಗಿ ಏನಾದ್ರೂ ಮಾರೋಕೆ ನೋಡಿ, ಅವರು ಬೇಡ ಅಂದು, ಯಾಕೆ ಬೇಡ ಅಂದ್ರು ಅಂತ ರಾತ್ರಿ ತಲೆ ಕೆಡಿಸಿಕೊಂಡಿದ್ರೆ ಅದು ಬಿಸಿನೆಸ್ ಕ್ಯಾಂಪು, ಇಲ್ಲದಿದ್ರೆ ಹಾಸ್ಟೆಲ್ ಟೂರ್.

ನೂರು ವರ್ಷದ ಹಿಂದೆ ಇದನ್ನ ಶುರು ಮಾಡಿದವರಿಗೂ ಇದು ಗೊತ್ತಿತ್ತು ಅನ್ಸುತ್ತೆ. 1919ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಲ್ಲಿ ಮಕ್ಕಳಿಗೆ ವ್ಯಾಪಾರ ಕಲಿಸೋ ಜೂನಿಯರ್ ಅಚೀವ್‌ಮೆಂಟ್ ಅನ್ನೋ ಸಂಸ್ಥೆ ಶುರುವಾಯ್ತು, ಪೇಪರ್ ಮಿಲ್ಲಿನ ಹೊರೇಸ್ ಮೋಸೆಸ್, ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ನಡೆಸಿದ್ದ ಥಿಯೋಡೋರ್ ವೇಲ್, ಸೆನೆಟರ್ ಆಗಿದ್ದ ಮರ್ರೇ ಕ್ರೇನ್ ಮೂರೂ ಜನ ಸೇರಿ. ಅವರ ಕಂಪನಿ ಪ್ರೋಗ್ರಾಂ ಅಂತ ಇದೆ, ಅದರಲ್ಲಿ ಮಕ್ಕಳೇ ಒಂದು ಪುಟ್ಟ ಕಂಪನಿ ಕಟ್ಟಿ, ಅಕ್ಕಪಕ್ಕದವರಿಗೆ ಷೇರು ಮಾರಿ ಬಂಡವಾಳ ಎತ್ತಿ, ಏನೋ ಒಂದು ತಯಾರು ಮಾಡಿ ಮಾರಿ, ಕೊನೇಗೆ ಅಂಗಡಿ ಮುಚ್ಚಿ ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕು. ಈ ಅಂಗಡಿ ಮುಚ್ಚೋ ಭಾಗ ನನಗೆ ತುಂಬಾ ಇಷ್ಟ, ಈಗಿನ ಎಷ್ಟೋ ಕ್ಯಾಂಪ್‌ಗಳಲ್ಲಿ ಶುರು ಮಾಡೋದಷ್ಟೇ ಹೇಳಿಕೊಡ್ತಾರೆ, ಮುಚ್ಚೋದು ಸಿಲಬಸ್ಸಲ್ಲೇ ಇರಲ್ಲ. ಆಮೇಲೆ 1987ರಲ್ಲಿ ನ್ಯೂಯಾರ್ಕಲ್ಲಿ ಸ್ಟೀವ್ ಮಾರಿಯಾಟಿ ಅನ್ನೋರು ಹುಡುಗರಿಗೆ ಉದ್ಯಮ ಕಲಿಸೋಕೆ ಎನ್‌ಎಫ್‌ಟಿಇ ಅನ್ನೋ ಸಂಸ್ಥೆ ಶುರು ಮಾಡಿದ್ರು. ಅವರು ಮೊದಲು ಬಿಸಿನೆಸ್ ಮಾಡ್ಕೊಂಡಿದ್ದವರು, ಒಂದಿನ ರಸ್ತೇಲಿ ಹುಡುಗರು ಅಡ್ಡ ಹಾಕಿ ಹೊಡೆದು ದುಡ್ಡು ಕಿತ್ಕೊಂಡ್ರಂತೆ, ಅದಾದ ಮೇಲೆ ಅಂಥಾ ಹುಡುಗರಿಗೇ ಪಾಠ ಮಾಡ್ತೀನಿ ಅಂತ ಮೇಷ್ಟ್ರಾದ್ರು. ಕ್ಲಾಸಲ್ಲಿ ಯಾವ ಪಾಠಕ್ಕೂ ತಲೆ ಎತ್ತದ ಹುಡುಗರು ವ್ಯಾಪಾರ, ದುಡ್ಡು ಅಂದ ತಕ್ಷಣ ಕಿವಿ ನೆಟ್ಟಗೆ ಮಾಡ್ಕೊಂಡು ಕೂರ್ತಿದ್ರಂತೆ. ಇದು ಎಲ್ಲಾ ಹದಿಹರೆಯದವರಿಗೂ ನಿಜ, ನಮ್ಮನೇಲಿ ಗ್ಯಾರಂಟಿ.

ಸರಿ, ನನ್ನ ಮಗಳ ಕ್ಯಾಂಪಿಗೆ ಬರೋಣ. ಚಿನ್ನದ ಸೀಲಿನವರದ್ದು ಬಿಟ್ಟು ಹತ್ತಿರದ ಒಂದು ಕಮ್ಯೂನಿಟಿ ಕಾಲೇಜಲ್ಲಿ ಎರಡು ವಾರದ ಡೇ ಕ್ಯಾಂಪಿಗೆ ಹಾಕಿದ್ವಿ, ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡು ಬರೋದು. ಮೊದಲ ದಿನ ಒಂದು ಆಟ ಆಡಿಸಿದ್ರಂತೆ, ಎಂಐಟಿಯ ಸ್ಲೋನ್ ಸ್ಕೂಲಲ್ಲಿ 1960ರ ದಶಕದಲ್ಲಿ ಹುಟ್ಟಿದ ಬಿಯರ್ ಗೇಮ್ ಅನ್ನೋದರ ಮಕ್ಕಳ ರೂಪ, ಹೆಸರು ಮಾತ್ರ ಬದಲಾಯಿಸಿ. ನಾಲ್ಕು ಜನ ಸಾಲಾಗಿ ಕೂರ್ತಾರೆ, ಅಂಗಡಿಯವನು, ಹೋಲ್‌ಸೇಲರ್, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ. ಒಬ್ಬರಿಗೊಬ್ಬರು ಮಾತಾಡೋ ಹಂಗಿಲ್ಲ, ಚೀಟೀಲಿ ಆರ್ಡರ್ ಬರೆದು ಹಿಂದಕ್ಕೆ ಕೊಡಬೇಕು, ಮಾಲು ಬರೋಕೆ ಎರಡು ವಾರ ತಡ. ಗಿರಾಕಿಗಳು ವಾರಕ್ಕೆ 4 ಡಬ್ಬ ಕೇಳ್ತಾ ಇದ್ದೋರು ಒಂದು ವಾರ 8 ಕೇಳ್ತಾರೆ, ಅಲ್ಲಿಂದ ಮುಂದಕ್ಕೆ 8ರಲ್ಲೇ ನಿಂತುಬಿಡ್ತಾರೆ. ಅಷ್ಟೇ ಬದಲಾವಣೆ. ಆದ್ರೂ ಅಂಗಡಿಯವನು ಗಾಬರಿ ಬಿದ್ದು ಜಾಸ್ತಿ ಆರ್ಡರ್ ಮಾಡ್ತಾನೆ, ಅವನ ಹಿಂದಿನವನು ಇನ್ನೂ ಜಾಸ್ತಿ, ಫ್ಯಾಕ್ಟರಿಯವನ ಹತ್ರ ಬರೋ ಹೊತ್ತಿಗೆ 30, 40 ಅಂತ ಚೀಟಿ ಬಂದಿರುತ್ತೆ, ಆಮೇಲೆ ನೋಡಿದ್ರೆ ಎಲ್ಲರ ಗೋಡೌನ್ ತುಂಬಿ ಕೂತಿದೆ, ಯಾರೂ ಕೇಳೋರಿಲ್ಲ. ಇದಕ್ಕೆ ಬುಲ್‌ವಿಪ್ ಎಫೆಕ್ಟ್ ಅಂತಾರೆ. ನಮ್ಮವಳು ಫ್ಯಾಕ್ಟರಿ. ಮನೆಗೆ ಬಂದು ಆ ಅಂಗಡಿಯವನಾಗಿದ್ದ ಹುಡುಗನಿಗೆ ಬುದ್ಧಿ ಇಲ್ಲ ಅಂತ ಒಂದು ಗಂಟೆ ಬೈದಳು, ರಾತ್ರಿ ಮಲಗೋ ಮುಂಚೆ ಬಂದು ಅಮ್ಮಾ ನಾನು ಅಲ್ಲಿ ಕೂತಿದ್ರೂ ಅದೇ ಮಾಡ್ತಿದ್ದೆ ಅನ್ಸುತ್ತೆ ಅಂದಳು.

ಮೂರನೇ ದಿನಕ್ಕೆ ಅವರ ಐದು ಜನದ ಟೀಮಿಗೆ ಐಡಿಯಾ ಹೊಳೀತು, ಪುಸ್ತಕ ಇಡೋಕೆ ಸ್ಕೂಲಲ್ಲಿ ಕೊಡೋ ಲಾಕರ್ ಒಳಗೆ ಕೂರಿಸೋ ಮಡಚೋ ಶೆಲ್ಫ್. ವ್ಯಾಪಾರದ ಯೋಜನೆ ಪೂರ್ತಿ ಒಂದೇ ಹಾಳೇಲಿ ಬರೆಯೋ ಒಂಬತ್ತು ಮನೆಯ ಚಾರ್ಟ್ ಇದೆಯಲ್ಲ, ಓಸ್ಟರ್‌ವಾಲ್ಡರ್ ಅನ್ನೋ ಸ್ವಿಸ್ಸಿನವರು ಮಾಡಿದ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್, ಅದರ ಒಂಬತ್ತೂ ಮನೆ ಬಣ್ಣ ಬಣ್ಣದ ಸ್ಟಿಕ್ಕಿ ನೋಟಿನಿಂದ ತುಂಬಿಸಿ, ಲೋಗೋ ಮಾಡಿ, ಸ್ಲೋಗನ್ ಬರೆದು, ಇನ್ನೇನು ಗೆದ್ದೇಬಿಟ್ವಿ ಅಂತ ಕೂತಿದ್ರು. ಅವರ ಮೆಂಟರ್ ಒಬ್ಬರು ರಿಟೈರ್ ಆದ ಪರ್ಚೇಸ್ ಮ್ಯಾನೇಜರ್, ಜಾಸ್ತಿ ಮಾತಾಡೋ ಮನುಷ್ಯ ಅಲ್ವಂತೆ. ಬಂದು ಚಾರ್ಟ್ ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದ್ರು, ನಿಮ್ಮ ನಿಮ್ಮ ಲಾಕರ್ ನಂಬರ್ ಹೇಳಿ ನೋಡೋಣ.

ಐದು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇಬ್ಬರು ಲಾಕರ್ ತಗೊಂಡೇ ಇಲ್ಲ. ನಮ್ಮವಳು ಒಂಬತ್ತನೇ ಗ್ರೇಡಿನ ಮೊದಲ ವಾರ ಒಂದ್ಸಲ ತೆಗೆದಿದ್ದಳಂತೆ, ಆಮೇಲೆ ವರ್ಷವೆಲ್ಲಾ ಎಲ್ಲಾನೂ ಬ್ಯಾಗಲ್ಲೇ ಹೊತ್ಕೊಂಡು ತಿರುಗಿದ್ದು. ಆ ಬ್ಯಾಗ್ ಭಾರಕ್ಕೆ ನಾನು ದಿನಾ ಗೊಣಗ್ತಿದ್ದೆ, ನನಗೂ ಹೊಳೀಲಿಲ್ಲ ನೋಡಿ.

ಮೆಂಟರ್ ಬೈಲಿಲ್ಲ, ನಗಲೂ ಇಲ್ಲ, ಕೈಗೆ ಕ್ಲಿಪ್‌ಬೋರ್ಡ್ ಕೊಟ್ಟು ಹೊರಗೆ ಹೋಗಿ ಕೇಳ್ಕೊಂಡು ಬನ್ನಿ ಅಂದ್ರು. ಪಕ್ಕದ ಲೈಬ್ರರಿ ಮುಂದೆ ನಿಂತು 22 ಜನ ಸ್ಕೂಲ್ ಹುಡುಗ ಹುಡುಗೀರನ್ನ ಕೇಳಿದ್ರು, 17 ಜನ ಲಾಕರ್ ಉಪಯೋಗಿಸಲ್ಲ ಅಂದ್ರು. ಇದೇನು ದೊಡ್ಡ ಸ್ಟಡಿ ಅಲ್ಲ ಬಿಡಿ, ಆದ್ರೆ ಶೆಲ್ಫ್ ಅಲ್ಲಿಗೆ ಸತ್ತೋಯ್ತು. ಅದೇ ಮಕ್ಕಳು ಬ್ಯಾಗಲ್ಲಿ ಏನೂ ಸಿಗಲ್ಲ, ಪೇಪರ್ ಎಲ್ಲಾ ಮುದುರಿಹೋಗುತ್ತೆ ಅಂತ ಹೇಳಿದ್ರಿಂದ ಬ್ಯಾಗ್ ಒಳಗೆ ನಿಲ್ಲಿಸೋ ಡಿವೈಡರ್ ಮಾಡಿದ್ರು, ಎಲೆಕ್ಷನ್ ಟೈಮಲ್ಲಿ ಹುಲ್ಲಿನ ಮೇಲೆ ನೆಡೋ ಬೋರ್ಡ್ ಇರುತ್ತಲ್ಲ, ಆ ಪ್ಲಾಸ್ಟಿಕ್ ಶೀಟಲ್ಲಿ.

ಇನ್ನು ಲೆಕ್ಕ. ನಾನು ಹೊಟ್ಟೆಪಾಡಿಗೆ ಬುಕ್‌ಕೀಪಿಂಗ್ ಮಾಡೋಳು, ಇದನ್ನ ಬಿಟ್ಟು ಮುಂದಕ್ಕೆ ಹೋಗಲಾರೆ. ಕಟರ್, ಬ್ಯಾನರ್, ಟೇಬಲ್ ಬಾಡಿಗೆ ಎಲ್ಲಾ ಸೇರಿ 120 ಡಾಲರ್, ಅದು ಒಂದು ಪೀಸ್ ಮಾರಿದ್ರೂ ನೂರು ಮಾರಿದ್ರೂ ಅಷ್ಟೇ. ಒಂದು ಪೀಸಿಗೆ ತಗಲೋದು 4, ಮಾರೋದು 9, ಅಂದ್ರೆ ಪ್ರತಿ ಪೀಸಿಗೆ ಕೈಗೆ 5. 120ನ್ನ 5ರಿಂದ ಭಾಗಿಸಿ, 24 ಪೀಸ್ ಮಾರಿದ್ರೆ ಅಸಲು. ಇವರು 30 ಮಾಡಿದ್ರು, ಕೊನೇ ದಿನದ ಸ್ಟಾಲಲ್ಲಿ ಹೋಗಿದ್ದು 11. ರಾತ್ರಿ ಊಟದ ಟೇಬಲ್ ಮೇಲೆ ಮಿಕ್ಕ ಡಿವೈಡರ್ ಗುಡ್ಡೆ ಹಾಕ್ಕೊಂಡು ಕೂತು, ಅಮ್ಮಾ 65 ಡಾಲರ್ ಲಾಸ್ ಆಗಿದೆ ಆದ್ರೆ ಡಬ್ಬೀಲಿ 141 ಕಮ್ಮಿ ಇದೆ, ಯಾರೋ ದುಡ್ಡು ತೆಗೆದಿದಾರೆ ಅಂತ ಅಳೋ ಹಂಗಾಗಿದ್ದಳು. ನಾನು ಏನೂ ಹೇಳಲಿಲ್ಲ, ಆ ಗುಡ್ಡೇನ ಎಣಿಸು ಅಂದೆ. 19 ಇತ್ತು, 19 ನಾಲ್ಕಲಿ 76, ಅದಕ್ಕೆ ಆ 65 ಸೇರಿಸಿದ್ರೆ 141. ಐದು ನಿಮಿಷ ಸುಮ್ನೆ ಕೂತು, ಓ, ದುಡ್ಡು ಇದರೊಳಗೆ ಕೂತಿದೆ ಅಂದಳು. ಲಾಸು ಬೇರೆ ಕ್ಯಾಶ್ ಬೇರೆ ಅನ್ನೋದು ನನ್ನ ಕೆಲವು ಕ್ಲೈಂಟ್‌ಗಳಿಗೆ ಇವತ್ತಿಗೂ ಅರ್ಥ ಮಾಡಿಸೋಕಾಗಿಲ್ಲ. ಇವರ ಟೀಮಿಗೆ ಪ್ರೈಜ್ ಬರಲಿಲ್ಲ, ಬಂದಿದ್ದು ಸ್ಟಾಲೇ ಹಾಕದೆ ಒಳ್ಳೇ ಸ್ಲೈಡ್ ಮಾಡಿದ್ದ ಟೀಮಿಗೆ, ಆ ಹೊಟ್ಟೆಕಿಚ್ಚು ನನಗೆ ಇನ್ನೂ ಇಳಿದಿಲ್ಲ.

ಹಾಗಾಗಿ ಕ್ಯಾಂಪಿನವರಿಗೆ ಫೋನ್ ಮಾಡಿದಾಗ ಗೆಸ್ಟ್ ಸ್ಪೀಕರ್ ಯಾರು ಅಂತ ಕೇಳೋದು ಬಿಡಿ. ಮಕ್ಕಳು ಹೊರಗಿನವರಿಗೆ ನಿಜವಾಗಿ ಏನಾದ್ರೂ ಮಾರ್ತಾರಾ, ದಿನದಲ್ಲಿ ಎಷ್ಟು ಹೊತ್ತು ಲೆಕ್ಚರ್ ಕೇಳ್ತಾ ಕೂರ್ತಾರೆ, ನಡೆಸೋದು ಕಾಲೇಜಾ ಬಾಡಿಗೆಗೆ ಬಂದವರಾ, ಮಧ್ಯೆ ಬಿಟ್ರೆ ದುಡ್ಡು ವಾಪಸ್ ಎಷ್ಟು, ಫೀಸಲ್ಲಿ ಸಹಾಯ ಉಂಟಾ, ರಾತ್ರಿ ಉಳಿಯೋದಾದ್ರೆ ನೋಡ್ಕೊಳ್ಳೋರು ಎಷ್ಟು ಜನ, ಇಷ್ಟು ಕೇಳಿ. ಕಾಲೇಜ್ ಅಡ್ಮಿಷನ್‌ಗೆ ಹೆಲ್ಪ್ ಆಗುತ್ತಾ ಅಂತ ನೀವು ಕೇಳೇ ಕೇಳ್ತೀರಿ, ನನಗೆ ಗೊತ್ತು. ದುಡ್ಡು ಕೊಟ್ಟವರನ್ನೆಲ್ಲಾ ಸೇರಿಸ್ಕೊಳ್ಳೋ ಕ್ಯಾಂಪಿನ ಸರ್ಟಿಫಿಕೇಟ್ ನೋಡಿ ಅಡ್ಮಿಷನ್ ಆಫೀಸಿನವರು ಮರುಳಾಗೋಕೆ ಅವರೇನು ನನ್ನ ತರ ಮೊದಲ ಕವರ್ ನೋಡ್ತಿರೋರಾ?

ಕ್ಯಾಂಪಿಗೆ ದುಡ್ಡು ಸುರಿಯದೆ ದಾರಿ ಬೇಕು ಅನ್ನೋರಿಗೂ ಇದೆ. ಡೆಕಾ, ಎಫ್‌ಬಿಎಲ್‌ಎ ಅನ್ನೋ ವಿದ್ಯಾರ್ಥಿಗಳ ಬಿಸಿನೆಸ್ ಕ್ಲಬ್ಬುಗಳು 1940ರ ದಶಕದಿಂದ ಹೈಸ್ಕೂಲ್‌ಗಳಲ್ಲಿವೆ, ನಿಮ್ಮ ಮಕ್ಕಳ ಸ್ಕೂಲಲ್ಲಿ ಇದೆಯಾ ಕೇಳಿ. ಬ್ಯಾಂಕ್ ಆಫ್ ಅಮೇರಿಕಾದವರು ಸ್ಟೂಡೆಂಟ್ ಲೀಡರ್ಸ್ ಅಂತ 8 ವಾರ ಲೋಕಲ್ ನಾನ್‌ಪ್ರಾಫಿಟ್‌ನಲ್ಲಿ ಕೆಲಸ ಕೊಡ್ತಾರೆ, ಅದರಲ್ಲಿ ಮಕ್ಕಳಿಗೇ ಸಂಬಳ. ಸಿಗೋದು ಕಷ್ಟ, ಅರ್ಜಿ ಗಡುವು ಚಳಿಗಾಲದಲ್ಲೇ ಮುಗಿದು ಹೋಗುತ್ತೆ, ಮೇ ತಿಂಗಳಲ್ಲಿ ಎದ್ದು ನನಗೆ ಇಮೇಲ್ ಹಾಕಬೇಡಿ.

ಇನ್ನೂ ಹತ್ತಿರದ್ದು ಒಂದಿದೆ. ನಮ್ಮ ಸಂಘದ ಸೊವೆನಿರ್‌ಗೆ, ಅಂದ್ರೆ ಸ್ಮರಣ ಸಂಚಿಕೆಗೆ, ಪ್ರತಿ ವರ್ಷ ಜಾಹೀರಾತು ಹಿಡಿಯೋಕೆ ಕಮಿಟಿಯವರು ಪರದಾಡೋದು ನಿಮಗೆ ಗೊತ್ತೇ ಇದೆ. ಈ ಸಲ ಆ ಕೆಲಸ ಹೈಸ್ಕೂಲ್ ಮಕ್ಕಳಿಗೆ ವಹಿಸಿದೀವಿ, ರೇಟ್ ಕಾರ್ಡ್ ಕೊಟ್ಟಿದೀವಿ, ಯಾರನ್ನ ಕೇಳಬೇಕು, ಎಷ್ಟು ರಿಯಾಯಿತಿ ಕೊಡಬಹುದು ಎಲ್ಲಾ ಅವರದ್ದೇ ತೀರ್ಮಾನ. ಸದ್ಯಕ್ಕೆ ಮೂರು ಜನ ಇದಾರೆ, ಇನ್ನೂ ಬೇಕು, ಹೆಸರು ಕೊಡೋರು ಕ್ಲಾಸ್ ಹತ್ರ ನನ್ನನ್ನ ಹಿಡೀರಿ. ಒಂದೇ ಕಂಡೀಷನ್, ಅಪ್ಪ ಅಮ್ಮ ಅವರ ಪರವಾಗಿ ಫೋನ್ ಮಾಡೋ ಹಂಗಿಲ್ಲ.

ಮೊನ್ನೆ ಭಾನುವಾರ ಮೊದಲ ಕಾಲ್ ನನಗೇ ಬಂತು, ನನ್ನ ಬುಕ್‌ಕೀಪಿಂಗ್ ಬಿಸಿನೆಸ್‌ಗೆ. ಆಂಟಿ, ಹಾಫ್ ಪೇಜ್ ತಗೋತೀರಾ ಅಂತ. ಬೇಡಪ್ಪಾ ಅಂದೆ, ಬೇಕಂತಲೇ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ, ಆಮೇಲೆ ಓಕೆ ಆಂಟಿ ಅಂತ ಇಟ್ಟುಬಿಟ್ಟ. ಎರಡು ದಿನ ಬಿಟ್ಟು ಬುಧವಾರ ಮತ್ತೆ ಮಾಡಿದಾನೆ, ಆಂಟಿ, ನಿಮಗೆ ಟ್ಯಾಕ್ಸ್ ಸೀಸನ್ನಲ್ಲಿ ತಾನೇ ಜಾಸ್ತಿ ಕೆಲಸ, ಸೊವೆನಿರ್ ಅದಕ್ಕೆ ಮುಂಚೆನೇ ಎಲ್ಲರ ಮನೆಗೆ ಹೋಗುತ್ತೆ, ಕ್ವಾರ್ಟರ್ ಪೇಜ್ ಸಾಕು, ಬ್ಲ್ಯಾಕ್ ಅಂಡ್ ವೈಟ್. ಕಲರ್ ಎಷ್ಟು ಅಂತ ನಾನೇ ಕೇಳ್ದೆ.