ಮಗಳಿಗೊಂದು ಪತ್ರ: ಎರಡೂ ಕಡೆ ಒಂದೇ ದಿನವೇ?

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ನೆಟ್ಟಗೆ ಉತ್ತರ ಕೊಡದೆ ಮಾತು ತೇಲಿಸಿದೆ. ಎರಡೂ ಸೊಂಟದ ಕೀಲುಗಳನ್ನು ಒಂದೇ ದಿನ ಬದಲಾಯಿಸಿಕೊಳ್ಳುವುದೇ, ಇಲ್ಲವೇ ಈಗ ಒಂದನ್ನು ಮಾಡಿಸಿಕೊಂಡು ಮೂರು ತಿಂಗಳ ನಂತರ ಇನ್ನೊಂದಕ್ಕೆ ಹೋಗುವುದೇ ಎಂಬುದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಾಗಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಎರಡನ್ನೂ ಒಟ್ಟಿಗೆ ಮಾಡಬಹುದು, ಯೋಚಿಸಿ ಹೇಳಿ ಎಂದು ಡಾಕ್ಟರು ಹೇಳಿದಾಗ ನಾನು ಯೋಚಿಸದೆಯೇ ಆಗಲಿ ಎಂದುಬಿಟ್ಟೆ. ಹಾಗೆ ಹೇಳುವಾಗ ನನ್ನ ತಲೆಯಲ್ಲಿದ್ದದ್ದು ನನ್ನ ಕಾಲುಗಳಲ್ಲ, ನಿನ್ನ ರಜೆ. ನೀನು ಎರಡು ಸಲ ರಜೆ ಹಾಕಿ ಬರುವುದು ತಪ್ಪುತ್ತದೆ ಎಂಬ ಒಂದೇ ಲೆಕ್ಕದಲ್ಲಿ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡಿದ್ದೆ. ಮನೆಗೆ ಬಂದ ಮೇಲೆ ಅದು ನನಗೇ ಸರಿಯೆನಿಸಲಿಲ್ಲ. ಆ ಕಾರಣವನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಯೋಚಿಸಿದ್ದೇನೆ.

ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಹಲವು ಸಲ ನೋಡಿದೆ. ಆರೋಗ್ಯವಾದ ಕೀಲಿನಲ್ಲಿ ತೊಡೆಮೂಳೆಯ ಗುಂಡನೆಯ ತಲೆಗೂ ಅದು ಕೂರುವ ಬಟ್ಟಲಿಗೂ ನಡುವೆ ಒಂದು ಕಪ್ಪು ಗೆರೆ ಕಾಣಬೇಕಂತೆ. ಅದು ಖಾಲಿ ಜಾಗವಲ್ಲ, ಎಕ್ಸ್‌ರೇಯಲ್ಲಿ ಕಾಣದ ಮೃದ್ವಸ್ಥಿ, ಅಂದರೆ ಮೂಳೆಗಳು ಒಂದಕ್ಕೊಂದು ಉಜ್ಜದಂತೆ ತಡೆಯುವ ನುಣುಪಾದ ಹೊದಿಕೆ. ನನ್ನ ಬಲಗಡೆ ಆ ಗೆರೆಯೇ ಇಲ್ಲ, ಮೂಳೆಯ ಮೇಲೆ ಮೂಳೆ ಕೂತಿದೆ. ಎಡಗಡೆ ಒಂದು ಅಂಚಿನಲ್ಲಿ ನೂಲಿನೆಳೆಯಷ್ಟು ಉಳಿದಿದೆ. ಸೊಂಟದ ಕೀಲಿನ ನೋವು ತೊಡೆಸಂದಿನಲ್ಲಿ ಹುಟ್ಟಿ ಮೊಣಕಾಲಿಗೆ ಇಳಿಯುವುದರಿಂದ, ಎರಡು ವರ್ಷ ಏನೂ ಆಗದ ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಕಾಲ ಕಳೆದವಳು ನಾನು. ಈಗ ಕಾಲುಚೀಲ ಹಾಕಿಕೊಳ್ಳಲು ಬಗ್ಗಲಾಗದೆ, ಅದರ ಬಾಯಿಯನ್ನು ಕೋಲಿನ ತುದಿಗೆ ಸಿಕ್ಕಿಸಿ ಬೆರಳುಗಳನ್ನು ಅದರೊಳಗೆ ತೂರಿಸಲು ಹೆಣಗುತ್ತೇನೆ. ಹೆಚ್ಚಿನ ದಿನಗಳಲ್ಲಿ ಸಾಕಾಗಿ ಬರಿಗಾಲಿನಲ್ಲೇ ಇದ್ದುಬಿಡುತ್ತೇನೆ.

ಶಸ್ತ್ರಚಿಕಿತ್ಸೆಯೆಂದರೆ ನನಗೆ ಅಂಥ ಭಯವೇನೂ ಇಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಸರ್ಜನ್ ಮೊದಲು ಟೆಫ್ಲಾನಿನ ಬಟ್ಟಲು ಕೂರಿಸಿ, ಅದು ಬೇಗ ಸವೆದು ಸೋತು, 1962ರಲ್ಲಿ ಗಟ್ಟಿ ಪಾಲಿಥೀನಿಗೆ ಬದಲಾಯಿಸಿಕೊಂಡ ಮೇಲೆ ಈ ವಿದ್ಯೆ ನೆಲೆಯೂರಿ ಅರವತ್ತು ವರ್ಷ ದಾಟಿದೆ. ನನ್ನ ಯೋಚನೆಯೆಲ್ಲ ಎರಡನೆಯ ಕಾಲಿನದು. ಒಂದು ಕಡೆ ಮಾತ್ರ ಮಾಡಿಸಿಕೊಂಡವರು ಮರುದಿನವೇ ವಾಕರ್ ಹಿಡಿದು ನಿಲ್ಲುತ್ತಾರೆ, ಆಗ ಮೈಭಾರವನ್ನು ಹೆಚ್ಚಾಗಿ ಹೊರುವುದು ಇನ್ನೊಂದು ಕಾಲು. ನನಗೆ ಆ ಇನ್ನೊಂದು ಕಾಲು ಎಂಬುದೇ ಇಲ್ಲವಲ್ಲ! ಅಲ್ಲದೆ ನನ್ನ ಎರಡೂ ಸೊಂಟ ಪೂರ್ತಿ ನೆಟ್ಟಗಾಗದೆ ಮುಂದಕ್ಕೆ ಬಾಗಿಯೇ ಬಿಗಿದುಕೊಂಡಿರುವುದರಿಂದ, ಬಲಗಡೆಯದನ್ನು ಮಾತ್ರ ಸರಿಪಡಿಸಿದರೆ ಎಡಗಡೆಯ ಬಿಗಿತ ಬೆನ್ನನ್ನು ಬಾಗಿಸಿ, ಹೊಸ ಕೀಲನ್ನೂ ಹಳೆಯ ಭಂಗಿಗೇ ಎಳೆಯುತ್ತದೆ. ಮೂರು ತಿಂಗಳು ಹಾಗೆ ಕುಂಟುತ್ತ ನಡೆದು, ಕಲಿತದ್ದನ್ನು ಮರೆತು, ಎರಡನೆಯದಾದ ಮೇಲೆ ಮತ್ತೆ ಮೊದಲಿನಿಂದ ನಡಿಗೆ ಕಲಿಯಬೇಕು. ಎರಡನ್ನೂ ಒಟ್ಟಿಗೆ ಮಾಡಿಸಿಕೊಳ್ಳುವುದಕ್ಕೆ ನನಗೆ ಒಪ್ಪಿಗೆಯಾದ ಕಾರಣ ಇದು.

ಆದರೆ ಇದಕ್ಕೆ ತೆರಬೇಕಾದದ್ದೂ ಇದೆ. ಅರಿವಳಿಕೆಯ ಹೊತ್ತು ಹೆಚ್ಚುತ್ತದೆ, ಮೂಳೆಯೊಳಗಿನ ಕೊಬ್ಬಿನ ಕಣಗಳು ರಕ್ತಕ್ಕೆ ಸೇರುವ ಸಂದರ್ಭ ಒಂದೇ ದಿನ ಎರಡು ಸಲ ಬರುತ್ತದೆ. ರಕ್ತಸ್ರಾವ ತಗ್ಗಿಸುವ ಔಷಧ ಕೊಟ್ಟರೂ ಎರಡು ಕಡೆಯ ಗಾಯ ಎರಡು ಕಡೆಯದೇ. ರಕ್ತ ಕೊಡಿಸಬೇಕಾಗಿ ಬರುವ ಸಾಧ್ಯತೆ ಹೆಚ್ಚು. ಹೃದಯ, ಶ್ವಾಸಕೋಶ ದುರ್ಬಲವಾಗಿರುವವರಿಗೆ ಒಟ್ಟಿಗೆ ಬೇಡವೆನ್ನುವುದು ಇದಕ್ಕಾಗಿಯೇ. ನನ್ನ ಹೃದಯದ ಎಕೋ ಸ್ಕ್ಯಾನ್ ಚೆನ್ನಾಗಿದೆ, ಬಿ.ಪಿ. ಹತೋಟಿಯಲ್ಲಿದೆ, ಆದರೆ ಹಿಮೋಗ್ಲೋಬಿನ್ 10.8 ಮಾತ್ರ. 12 ದಾಟುವವರೆಗೆ ದಿನ ಗೊತ್ತುಮಾಡುವುದು ಬೇಡವೆಂದು ನಾನೇ ಹೇಳಿ, ಕಬ್ಬಿಣಾಂಶದ ಚಿಕಿತ್ಸೆ ಶುರುಮಾಡಿಸಿಕೊಂಡಿದ್ದೇನೆ.

ಈಗ ನಿನಗೆ ಮುಖ್ಯವಾಗಿ ಹೇಳಬೇಕಾದ ಮಾತು. ಮೊದಲು ಬಲಗಡೆಯದನ್ನು ಮಾಡುತ್ತಾರೆ, ಏಕೆಂದರೆ ಹೆಚ್ಚು ಕೆಟ್ಟಿರುವುದು ಅದೇ. ಅದು ಮುಗಿದಾಗ ರಕ್ತ ಎಷ್ಟು ಹೋಗಿದೆ, ಬಿ.ಪಿ. ಮತ್ತು ಆಮ್ಲಜನಕ ಹೇಗಿವೆ ಎಂದು ಅರಿವಳಿಕೆ ತಜ್ಞರು ನೋಡಿ, ಮುಂದುವರಿಯಬಹುದು ಎಂದರೆ ಮಾತ್ರ ನನ್ನನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸುತ್ತಾರೆ. ಸಾಕು ಎಂದರೆ ಅಲ್ಲಿಗೇ ನಿಲ್ಲಿಸಬೇಕೆಂದು ನಾನು ಡಾಕ್ಟರಿಗೆ ಹೇಳಿದ್ದೇನೆ, ಒಪ್ಪಿಗೆ ಪತ್ರದಲ್ಲೂ ಹಾಗೆಯೇ ಬರೆಸುತ್ತೇನೆ. ಹೊರಗೆ ಕಾಯುತ್ತಿರುವ ನಿನ್ನ ಬಳಿ ಯಾರಾದರೂ ಬಂದು ಒಂದೇ ಕಡೆ ಆಗಿದೆ ಎಂದು ಹೇಳಿದರೆ ನೀನು ವಾದಕ್ಕಿಳಿಯಬಾರದು, ಏನೋ ಅನಾಹುತವಾಯಿತೆಂದು ಗಾಬರಿಯಾಗಲೂಬಾರದು. ನಿನ್ನ ಸ್ವಭಾವ ನನಗೆ ಗೊತ್ತಿರುವುದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡೂ ಆದವೆಂದಾದರೆ ಮನೆಗೆ ಬಂದ ಮೊದಲ ವಾರಗಳೇ ಕಷ್ಟದವು. ಒಂದೇ ಕಡೆಯಾದರೆ ಮತ್ತೊಂದು ಮಗ್ಗುಲಿಗಾದರೂ ಹೊರಳಬಹುದಿತ್ತು. ಈಗ ಕಾಲುಗಳ ನಡುವೆ ದಿಂಬಿಟ್ಟುಕೊಂಡು ಅಂಗಾತ ಮಲಗುವುದೊಂದೇ ದಾರಿ, ಹಾಗೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲವೆಂಬುದು ಬೇರೆ ಮಾತು. ಕಾಲ ಮೇಲೆ ಕಾಲು ಹಾಕುವಂತಿಲ್ಲ, ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸುವಂತಿಲ್ಲ. ಕುರ್ಚಿಯ ಆಸನ ಮೊಣಕಾಲಿಗಿಂತ ಎತ್ತರವಿರಬೇಕು. ಟೇಪು ಹಿಡಿದು ಅಳೆದೆ: ನನ್ನ ಮೊಣಕಾಲು 43 ಸೆಂಟಿಮೀಟರ್, ದಿನವೂ ಕೂರುವ ಕುರ್ಚಿ 40. ಮಂಚಕ್ಕೆ ತೊಂದರೆಯಿಲ್ಲ, ಕುರ್ಚಿಗೆ ಗಟ್ಟಿ ದಿಂಬು, ಶೌಚಾಲಯಕ್ಕೆ ಎತ್ತರಿಸಿದ ಆಸನ ಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೆಲವು ವಾರ ಔಷಧ ತೆಗೆದುಕೊಳ್ಳಬೇಕು.

ಇಲ್ಲಿ ಮಾತ್ರ ನಿನ್ನ ರಜೆಯ ಮಾತು ಬರುತ್ತದೆ. ಹಗಲಿಗೆ ಸಹಾಯಕ್ಕೆ ಯಾರನ್ನಾದರೂ ಗೊತ್ತುಮಾಡಿಕೊಳ್ಳುತ್ತೇನೆ, ಆದರೆ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಹಿಡಿದುಕೊಳ್ಳಲು ಮೊದಲ ಮೂರು ವಾರ ನೀನೇ ಇದ್ದರೆ ನನಗೆ ಸಂಕೋಚವಾಗುವುದಿಲ್ಲ. ಆಗದಿದ್ದರೆ ಆಗುವುದಿಲ್ಲವೆಂದೇ ಹೇಳು. ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಸಮಯವಿದೆ.

ಮುಂದಿನ ಶುಕ್ರವಾರ ಮತ್ತೆ ರಕ್ತಪರೀಕ್ಷೆ. ಅದರ ಅಂಕಿ ತಿಳಿಸುವವರೆಗೆ ಟಿಕೆಟ್ ಮಾಡಿಸಬೇಡ.

ನಿನ್ನ ಅಮ್ಮ