ಕೃಷಿ ಹೊಂಡದ ಗೌಡನಿಂದ ಬಸ್ಯಾನಿಗೊಂದು ಪತ್ರ

ಲೇ ಬಸ್ಯಾ,

ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪಿಗೆ ಬರೆದರೆ ಎರಡು ನೀಲಿ ಗೆರೆ ತೋರಿಸಿ ಮಲಗಿಬಿಡುತ್ತೀಯ. ಅದಕ್ಕೇ ಊರ ಮುಂದೆ ಬರೆಯುತ್ತಿದ್ದೇನೆ. ಈಗ ನಾಲ್ಕು ಜನ ಓದಿ "ನಿಮ್ಮ ದೋಸ್ತರು ಏನಂದ್ರು?" ಅಂತ ಕೇಳುತ್ತಾರೆ, ನೀನು ಏನಾದರೂ ಅನ್ನಲೇಬೇಕಾಗುತ್ತದೆ. ಉಳಿದವರೂ ಓದಬಹುದು, ಅಡ್ಡಿಯಿಲ್ಲ. ಮೂರನೇ ಗಿರಮಿಟ್ಟಿನ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಹೋದ ಸಲ ಬಂದಾಗ ನಮ್ಮ ಹಿತ್ತಲಿನ ಸ್ವಿಮ್ಮಿಂಗ್ ಪೂಲ್ ನೋಡಿ, "ಕೃಷಿ ಹೊಂಡ ಚಲೋ ತೆಗಿಸಿ ಬಿಡು, ಸಬ್ಸಿಡಿ ಎಷ್ಟು ಬಂತು?" ಅಂತ ಕೇಳಿದೆಯಲ್ಲ. ಆವತ್ತಿನಿಂದ ಮನೆಯಲ್ಲಿ ಅದಕ್ಕೆ ಹೊಂಡ ಅಂತಲೇ ಹೆಸರು. ತೆಗೆಸಿದವನು ನಾನಲ್ಲ ಮಾರಾಯ. ಗೋವಾದ ಫೋಂಡಾದಲ್ಲಿ ಮನೆ ಕೊಂಡಾಗ ಮಾವಿನ ಗಿಡ, ಎರಡು ಬೆಕ್ಕುಗಳ ಜತೆ ಅದೂ ಬಂತು. ಉದ್ದ ಆರು ಮೀಟರ್, ಅಗಲ ಮೂರು. ನಾಲ್ಕು ಎಮ್ಮೆ ಇಳಿದರೆ ಐದನೆಯದಕ್ಕೆ ಜಾಗ ಇಲ್ಲ. ಆದರೂ ಸುಮಾರು 21 ಸಾವಿರ ಲೀಟರ್ ನೀರು ಹಿಡಿಯುತ್ತದೆ.

ಅದನ್ನು ಸಾಕುವುದೂ ಎಮ್ಮೆ ಸಾಕಿದ ಹಾಗೇ. ಬೆಳಿಗ್ಗೆ ಎದ್ದು ಚಹಾ ಕುಡಿಯುವ ಮುಂಚೆ ಜಾಳಿಗೆ ಹಿಡಿದು ಹಲಸಿನ ಎಲೆ ತೆಗೆಯಬೇಕು. ಬುಟ್ಟಿಯಲ್ಲಿ ಸಿಕ್ಕಿಬಿದ್ದ ಕಪ್ಪೆಯನ್ನು ಗೌರವದಿಂದ ಆಚೆ ಬಿಡಬೇಕು. ಆಮೇಲೆ ಎರಡು ಪುಟ್ಟ ಕೊಳವೆಯಲ್ಲಿ ನೀರು ತುಂಬಿ, ಒಂದಕ್ಕೆ ಒಂದು ಔಷಧದ ಹನಿ, ಇನ್ನೊಂದಕ್ಕೆ ಇನ್ನೊಂದು. ಮೊದಲನೆಯದು ಹಳದಿಯಾದರೆ ಕ್ಲೋರಿನ್ ಇದೆ ಅಂತ ಅರ್ಥ. ಹತ್ತು ಲಕ್ಷ ಪಾಲು ನೀರಿಗೆ ಒಂದರಿಂದ ಮೂರು ಪಾಲು ಇರಬೇಕು. ಎರಡನೆಯದು ನೀರು ಜಾಸ್ತಿಯಾದ ಕೋಕಂ ಶರಬತ್ತಿನ ಬಣ್ಣಕ್ಕೆ ಬಂದರೆ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.4ರ ಆಸುಪಾಸು, ಸರಿಯಾಗಿದೆ. ಕ್ಲೋರಿನ್ ಪುಡಿಯನ್ನು ಹೊತ್ತು ಮುಳುಗಿದ ಮೇಲೆ ಹಾಕಬೇಕು. ಹಗಲು ಹಾಕಿದರೆ ಬಿಸಿಲೇ ಅರ್ಧ ತಿಂದುಹಾಕುತ್ತದೆ.

ಇನ್ನೊಂದು ಮಾತು. ಪೂಲಿನ ಹತ್ತಿರ ಮೂಗಿಗೆ ಹೊಡೆಯುವ ವಾಸನೆ ಬಂದರೆ ಔಷಧ ಜಾಸ್ತಿಯಾಗಿದೆ ಅಂತ ಎಲ್ಲರೂ ಅನ್ನುತ್ತಾರೆ. ಹೆಚ್ಚಾಗಿ ಆಗುವುದು ಉಲ್ಟಾ. ಕ್ಲೋರಿನ್ನು ಬೆವರು, ಮೂತ್ರದ ಜತೆ ಕೂಡಿಕೊಂಡಾಗ ಬರುವ ವಾಸನೆ ಅದು. ಔಷಧ ಸಾಲದೇ ಹೋದಾಗ ಬರುತ್ತದೆ. ನಿನ್ನ ಮಕ್ಕಳು ಬಂದು ಹೋದ ಮೇಲೆ ಎರಡು ದಿನ ಆ ವಾಸನೆ ಇತ್ತು. ಏನೂ ಹೇಳುತ್ತಿಲ್ಲ, ಸುಮ್ನೆ ಹೇಳಿದೆ.

ವಾರಕ್ಕೊಮ್ಮೆ ಒಬ್ಬ ಹುಡುಗ ಬರುತ್ತಾನೆ. ರೋಣ ತಾಲೂಕಿನವನು, ನಮ್ಮ ಕಡೆಯವನೇ. ಪಂಪಿನ ಪಕ್ಕ ಮರಳು ತುಂಬಿದ ಫಿಲ್ಟರ್ ಡ್ರಮ್ಮು ಇದೆ. ಕಸ ಕಟ್ಟಿದಂತೆಲ್ಲ ಅದರ ಗೇಜಿನ ಮುಳ್ಳು ಏರುತ್ತದೆ. ಮರಳು ಸ್ವಚ್ಛ ಇದ್ದಾಗ 12ರಲ್ಲಿ ನಿಲ್ಲುವ ಮುಳ್ಳು 20 ದಾಟಿತೆಂದರೆ ನೀರನ್ನು ಉಲ್ಟಾ ಹಾಯಿಸಿ ಮರಳು ತೊಳೆಯಬೇಕು. ಅದಕ್ಕೆ ಬ್ಯಾಕ್‌ವಾಶ್ ಅನ್ನುತ್ತಾರೆ. ಹ್ಯಾಂಡಲ್ ತಿರುಗಿಸುವ ಮುಂಚೆ ಮೋಟರ್ ಬಂದ್ ಮಾಡಬೇಕು. ನಾನು ಒಮ್ಮೆ ಮಾಡಲಿಲ್ಲ. ಒಳಗಿನ ರಬ್ಬರು ಕಿತ್ತುಹೋಗಿ ಎಲ್ಲ ಕಡೆಯಿಂದ ನೀರು ಚಿಮ್ಮಿತು. ಹುಡುಗ ಬಂದು ನೋಡಿ, "ಸರ, ಎತ್ತು ಓಡಾಕತ್ತಾಗ ನೊಗಾ ಬಿಚ್ಚತೀರೇನ್ರೀ?" ಅಂದ. ಹದಿನೆಂಟು ವರ್ಷ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವನಿಗೆ.

ಏಪ್ರಿಲ್‌ನಲ್ಲಿ ಅವ್ವ ಬಂದಿದ್ದಳು. ನವಲಗುಂದದಿಂದ ಇಲ್ಲಿಗೆ ಬರಲು ಅವಳಿಗೆ ಮನಸ್ಸಿರಲಿಲ್ಲ, ಸೆಕೆ ಅಂತ. ಅವ್ವನ ಕೈ ನಿನಗೆ ಗೊತ್ತಲ್ಲ. ಕೆರೆಯ ಕೆಂಪು ನೀರಿಗೆ ಅರಿವೆ ಮಡಚಿ ಸೋಸಿ, ಪಟಿಕದ ತುಂಡು ನಾಲ್ಕು ಸುತ್ತು ತಿರುವಿ ಇಟ್ಟರೆ ಬೆಳಿಗ್ಗೆ ಕೊಡದ ತಳ ಕಾಣಿಸುತ್ತಿತ್ತು. ಹೊಂಡವನ್ನು ನೋಡಿ ಅವಳು ಏನೂ ಅನ್ನಲಿಲ್ಲ. ಅಷ್ಟರಲ್ಲಿ ಬ್ಯಾಕ್‌ವಾಶ್ ದಿನ ಬಂತು. ಪೈಪಿನಿಂದ ಮೊದಲು ಕಂದು ನೀರು, ಆಮೇಲೆ ತಿಳಿ ನೀರು ಭರಭರ ಸುರಿಯತೊಡಗಿತು. ಮೂರು ನಿಮಿಷಕ್ಕೆ 500 ಲೀಟರ್ ಹತ್ತಿರ ಹೋಗುತ್ತದೆ. ಅವ್ವ ಒಳಗೆ ಓಡಿದಳು. ನೀಲಿ ಬಕೆಟ್ ತಂದು ಪೈಪಿನ ಬಾಯಿಗೆ ಇಟ್ಟಳು. ತುಂಬಿತು. ಇನ್ನೊಂದು ತಂದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಹಂಡೆಯನ್ನೇ ಎಳೆದುಕೊಂಡು ಬಂದಳು.

"ಹೊಲಸು ನೀರವ್ವಾ ಅದು."

"ಹೊಲಸಾದ್ರೇನು, ಬಚ್ಚಲಕ್ಕ ಆಕ್ಕೈತಿ. ಬಂದ್ ಮಾಡಬ್ಯಾಡ, ಹಂಡೆ ತುಂಬಿಲ್ಲ."

ನಾನು ನಕ್ಕೆ, ಅವಳೂ ನಕ್ಕಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಅದಕ್ಕ ದಿನಾ ಎಷ್ಟು ನೀರು ಹಾಕ್ತಿ?" ದಿನಾ ಹಾಕುವುದಿಲ್ಲ, ಒಮ್ಮೆ ತುಂಬಿದರೆ ಮುಗೀತು ಅಂದೆ.

ಅದು ಸುಳ್ಳು ಬಸ್ಯಾ. ಮಾರ್ಚ್‌ನಿಂದಲೇ ಹೊಂಡ ಸೋರುತ್ತಿತ್ತು.

ಸೋರುತ್ತದೋ ಆರುತ್ತದೋ ಅಂತ ತಿಳಿಯಲು ಒಂದು ಉಪಾಯ ಇದೆ. ಬಕೆಟ್‌ನಲ್ಲಿ ಪೂಲಿನದೇ ನೀರು ತುಂಬಿ, ಪೂಲಿನ ಮೆಟ್ಟಿಲ ಮೇಲೆ ಇಟ್ಟು, ಬಕೆಟ್ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಬೇಕು. ಬಿಸಿಲಿಗೆ ಆರುವುದಾದರೆ ಎರಡೂ ಸಮ ಇಳಿಯುತ್ತವೆ. ನಮ್ಮ ನೀಲಿ ಬಕೆಟ್, ಅವ್ವ ಹಿಡಿದಳಲ್ಲ ಅದೇ, ಒಂದು ದಿನಕ್ಕೆ ಕಾಲು ಇಂಚು ಇಳಿಯಿತು. ಹೊಂಡ ಒಂದೂಕಾಲು ಇಂಚು. ನಡುವಿನ ಒಂದು ಇಂಚು ನೆಲಕ್ಕೆ ಹೋಗುತ್ತಿತ್ತು. ಇಂಚು ಅಂದರೆ ಏನು ಮಹಾ ಅನಿಸುತ್ತದೆ, ಅಲ್ವಾ? ನನ್ನ ಹೊಂಡದ ಅಳತೆಗೆ ಅದು 450 ಲೀಟರ್. ಅವ್ವನ ಲೆಕ್ಕದಲ್ಲಿ ಮೂವತ್ತು ಕೊಡ. ದಿನಾ.

ಆವತ್ತೇ ದುರಸ್ತಿ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ಬೇಸಿಗೆ ರಜೆ, ನೆಂಟರು ಬರುವ ಹೊತ್ತು, ಹೊಂಡ ತುಂಬಿರಬೇಕು. ಅದಕ್ಕೆ ರಾತ್ರಿ ಎರಡು ಗಂಟೆಗೆ ಎದ್ದು ನಲ್ಲಿಗೆ ಪೈಪು ಜೋಡಿಸಿ ಬಿಡುತ್ತಿದ್ದೆ. ಹಗಲು ಯಾಕೆ ಬಿಡಲಿಲ್ಲ ಅಂತ ನೀನು ಕೇಳುವುದಿಲ್ಲ, ನಿನಗೆ ಗೊತ್ತಾಗುತ್ತದೆ. ನಮ್ಮ ಓಣಿಯಲ್ಲಿ ನೀರು ಮೊದಲು ಬರುವುದು ನಮ್ಮ ಮನೆಗೆ. ಕೊನೆಯ ಮನೆ ಒಬ್ಬ ಬಾಯಿಯವರದು, ಇಲ್ಲಿ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ. ಮೇ ತಿಂಗಳ ಒಂದು ಬೆಳಿಗ್ಗೆ ಕೈಯಲ್ಲಿ ಖಾಲಿ ಕೊಡಪಾನ ಹಿಡಿದು ಗೇಟಿಗೆ ಬಂದರು. ನಿಮಗೆ ನೀರು ಬಂತಾ ಅಂತ ಕೊಂಕಣಿಯಲ್ಲಿ ಕೇಳಿದರು.

ನಮಗೂ ಬಂದಿಲ್ಲ ಅಂದೆ.

ನನ್ನ ಬೆನ್ನ ಹಿಂದೆ ಹೊಂಡ ತುಂಬಿ ನಿಂತಿತ್ತು. ಗೇಟಿನಿಂದ ಕಾಣುವುದಿಲ್ಲ, ಕ್ರೋಟನ್ ಗಿಡ ಅಡ್ಡ ಇವೆ. ಅವರು "ದೇವ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ, ಅಂತ ಹೇಳಿ ಹೋದರು. ಎರಡು ದಿನ ಬಿಟ್ಟು ಒಂದು ಚೀಲ ಮಾನ್‌ಕುರಾದ ಮಾವು ಕಳಿಸಿದರು. ತಿಂದೆವು.

ನಮ್ಮ ಅಪ್ಪ ನೆನಪಾದ. ಮಲಪ್ರಭೆಯ ಕಾಲುವೆ ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ಬರೀ ಹಸಿ ಮಣ್ಣಾಗಿರುತ್ತಿತ್ತಲ್ಲ, ಕಾಲುವೆಯ ಕೊನೆಯ ತುದಿ, ಟೇಲೆಂಡ್, ನಮ್ಮದು. ಅಪ್ಪ ಟಾರ್ಚ್ ಹಿಡಿದು ಬದುವಿನ ಮೇಲೆ ಕೂತು ಒಂದೇ ಮಾತು ಅನ್ನುತ್ತಿದ್ದ: "ಮ್ಯಾಲಿನವ್ರು ರಾತ್ರಿ ಗೇಟ್ ಎತ್ಯಾರ." ಅವರು ಯಾರು, ಹೇಗಿರುತ್ತಾರೆ ಅಂತ ನಾನು ಸಣ್ಣವನಿದ್ದಾಗ ಬಹಳ ಯೋಚನೆ ಮಾಡುತ್ತಿದ್ದೆ. ದೊಡ್ಡ ಮೀಸೆಯವರು ಅಂತ ಅಂದುಕೊಂಡಿದ್ದೆ. ಈಗ ಗೊತ್ತಾಯಿತು, ಬರ್ಮುಡಾ ಹಾಕಿಕೊಂಡಿರುತ್ತಾರೆ.

ಇನ್ನೂ ಇದೆ. ಫೋಂಡಾ ಕಡೆಗೆ ಕುಡಿಯುವ ನೀರು ಬರುವುದು ಓಪಾದಿಂದ. ಓಪಾ ಇರುವುದು ಖಾಂಡೇಪಾರ ನದಿಯ ದಂಡೆಗೆ. ಆ ನದಿ ಹೋಗಿ ಸೇರುವುದು ಮಹದಾಯಿಗೆ. 2015ರಲ್ಲಿ ನಾವಿಬ್ಬರೂ ನರಗುಂದದ ಪೆಂಡಾಲಿನಲ್ಲಿ ಕೂತು ಗಂಟಲು ಹರಿಯುವ ಹಾಗೆ ಕೂಗಿದ್ದು ಅದೇ ನೀರಿಗೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಾಗ ನೀನು ಫೋನ್ ಮಾಡಿ, "ನಮ್ಮ ಪಾಲಿಗೆ ಎಷ್ಟು ಕೊಡ?" ಅಂತ ಕೇಳಿದ್ದೆ. ನನ್ನ ಪಾಲಿನ ಮೂವತ್ತು ಕೊಡ ನಾನು ದಿನಾ ತೆಗೆದುಕೊಂಡೆ ನೋಡು, ನೆಲಕ್ಕೆ ಕುಡಿಸಿದೆ. ಹಳೇ ಸ್ಕೂಟರಿನ ಹಿಂದೆ ಕಳಸಾ ಬಂಡೂರಿಯ ಸ್ಟಿಕ್ಕರ್ ಇನ್ನೂ ಇದೆ. ಗೋವಾಕ್ಕೆ ಬರುವಾಗ ಗಾಡಿಗೆ ಕಲ್ಲು ಬಿದ್ದೀತು ಅಂತ ಅದರ ಮೇಲೆ ಗಣಪತಿ ಅಂಟಿಸಿದ್ದೆ. ಅದು ನಿನಗೂ ಗೊತ್ತಿರಲಿಲ್ಲ, ಅಲ್ಲಾ?

ಮೇ ಕೊನೆಗೆ ಸೋರುವ ಜಾಗ ಹುಡುಕಿದೆವು. ಪಂಪ್ ನಿಲ್ಲಿಸಿ, ನೀರು ಅಲುಗಾಡದ ಹಾಗೆ ಆದ ಮೇಲೆ, ಶಿರಾಕ್ಕೆ ಹಾಕುವ ಕೇಸರಿ ಬಣ್ಣವನ್ನು ಸಂಶಯ ಬಂದ ಕಡೆ ಒಂದೊಂದು ಹನಿ ಬಿಡಬೇಕು. ಎಲೆ ಎಳೆದುಕೊಳ್ಳುವ ಬಾಯಿ ಇದೆಯಲ್ಲ, ಸ್ಕಿಮ್ಮರ್, ಅಲ್ಲಿ ಪ್ಲಾಸ್ಟಿಕ್ಕೂ ಸಿಮೆಂಟೂ ಕೂಡುವ ಸಂದಿಯಲ್ಲಿ ಬಣ್ಣ ಸಣ್ಣ ದಾರದಂತೆ ಒಳಗೆ ಹೋಯಿತು. ನಾನೂ ಹುಡುಗನೂ ಉಸಿರು ಬಿಗಿ ಹಿಡಿದು ನೋಡಿದೆವು. ದುರಸ್ತಿ ಎಷ್ಟು ಅಂದುಕೊಂಡೆ? ಒಂದು ಡಬ್ಬಿ ಎಪಾಕ್ಸಿ ಅಂಟು, ಅರ್ಧ ದಿನದ ಕೂಲಿ. ಅಷ್ಟಕ್ಕೆ ಎರಡು ತಿಂಗಳು.

ಈಗ ಮಳೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಸುರಿಯುತ್ತದೆ, ನಮ್ಮೂರಿಗೆ ಅದರ ಕಾಲು ಭಾಗವೂ ಇಲ್ಲ. ಹೊಂಡ ತುಂಬಿ ಹರಿಯುತ್ತಿದೆ. ದಿನಾ ಪಂಪ್ ಹಾಕಿ ಒಂದಷ್ಟು ನೀರು ಹೊರಗೆ ಚೆಲ್ಲುತ್ತಿದ್ದೇನೆ. ಪೂರ್ತಿ ಖಾಲಿ ಮಾಡುವ ಹಾಗೂ ಇಲ್ಲ. ಖಾಲಿಯಾದರೆ ಕೆಳಗಿನ ನೆಲದ ನೀರು ಒತ್ತಿ ಇಡೀ ತೊಟ್ಟಿಯನ್ನೇ ದೋಣಿಯ ಹಾಗೆ ಮೇಲೆ ಎತ್ತಿಬಿಡಬಹುದಂತೆ. ಹುಡುಗ ಹೇಳಿದ್ದು. ಹೇಳಿ ನನ್ನ ಮುಖ ನೋಡಿ, "ತುಂಬಿಸೇ ಇಡ್ರಿ ಸರ" ಅಂದ.

ಬಾಯಿಯವರಿಗೆ ಇದನ್ನೆಲ್ಲ ಹೇಳಿಲ್ಲ. ಅವರಿಗೆ ಕನ್ನಡ ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಇಲ್ಲಿ ಬರೆದೆ. ಇಷ್ಟು ಬರೆದ ಮೇಲೆ ನೆನಪಾಯಿತು, ಕೆಳಗೆ ಅನುವಾದದ ಬಟನ್ ಒಂದು ಇರುತ್ತದೆ. ಅವರ ಮೊಮ್ಮಗಳು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಬೇರೆ ಇದ್ದಾಳೆ. ಮನೆಯವಳಿಗೂ ರಾತ್ರಿ ಎರಡರ ಕತೆ ಗೊತ್ತಿರಲಿಲ್ಲ, ಶುಗರ್‌ನಿಂದ ಏಳುತ್ತಿದ್ದೇನೆ ಅಂತ ತಿಳಿದು ಎರಡು ತಿಂಗಳು ಸಿಹಿ ಬಂದ್ ಮಾಡಿಸಿದ್ದಳು. ಅದೂ ಒಂದು ಶಿಕ್ಷೆಯೇ ಅಂತ ಲೆಕ್ಕಕ್ಕೆ ಹಿಡಿ.

ಗಣಪತಿ ಹಬ್ಬ ಮುಗಿಸಿಕೊಂಡು ಬಾ. ಬರುವಾಗ ಹುಬ್ಬಳ್ಳಿಯ ಚುರುಮುರಿ ತಾ, ಇಲ್ಲಿಯದು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಬಾ. ಹೊಂಡಕ್ಕೆ ಇಳಿಯುವ ಮುಂಚೆ ಅವರನ್ನು ಬಚ್ಚಲಿಗೆ ಕಳಿಸು. ಅಲ್ಲಿ ಅವ್ವನ ಹಂಡೆ ಇದೆ, ತುಂಬಿಟ್ಟಿರುತ್ತೇನೆ.

ನಿನ್ನ,
ಹೊಂಡದ ಗೌಡ