ಚಿತ್ರ ಬಿಡ್ತೀನಿ ಅಂದ ಪುಟ್ಟಿಗೆ

ಸಾಗರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಪ್ಪನ ಮಂಡಿನೋವು ಮಳೆ ಹಿಡಿದಾಗ ಜಾಸ್ತಿ, ಬಿಟ್ಟಾಗ ಕಡಿಮೆ. ನಿನ್ನ ಮೆಸೇಜು ಓದಿದೆ. ಮೊಬೈಲಿನಲ್ಲಿ ಉತ್ತರ ಕುಟ್ಟುತ್ತಾ ಕೂತರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತೆ. ಅದಕ್ಕೇ ಈ ಕಾಗದ.

ಕಾಡು ಸುಡುತ್ತಿರುವಾಗ ಕೂತು ಎಲೆ ಬರೆಯೋಕೆ ನಾಚಿಕೆ ಆಗುತ್ತೆ, ಚಿತ್ರವೇ ಬಿಟ್ಟುಬಿಡ್ತೀನಿ ಅಂದಿದ್ದೀಯ. ಕೊನೇ ವರ್ಷದ ಕೆಲಸಕ್ಕೆ ಅಂತ ಆರಡಿ ಕ್ಯಾನ್ವಾಸಿನಲ್ಲಿ ಉರಿಯುವ ಭೂಗೋಳ, ಹಿಮಕರಡಿ, ಹೊಟ್ಟೆ ತುಂಬ ಪ್ಲಾಸ್ಟಿಕ್ ಇರುವ ಮೀನು ಎಲ್ಲ ಬರೆದು, ಈಗ ಅದರ ಮುಖ ನೋಡೋಕೂ ಮನಸ್ಸಿಲ್ಲ ಅಂದಿದ್ದೀಯ. ಫೋಟೋ ನೋಡಿದೆ. ನಿಜ ಹೇಳ್ಲಾ? ನನಗೂ ಹಿಡಿಸಲಿಲ್ಲ. ಕೈ ಚೆನ್ನಾಗಿ ಪಳಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಆರಡಿಯಲ್ಲಿ ನೀನು ಕಣ್ಣಾರೆ ಕಂಡಿದ್ದು ಒಂದೂ ಇಲ್ಲ. ಎಲ್ಲ ಬೇರೆ ಯಾರೋ ನೋಡಿ, ಬೇರೆ ಯಾರೋ ಹೆದರಿ, ನಿನ್ನ ಕೈಗೆ ಕೊಟ್ಟಿದ್ದು.

ಸಂಕಟ ಪಡಬೇಡ ಅಂತ ನಾನು ಹೇಳಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಿದ್ದನ್ನು ನೋಡಿದೆವು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಬಂತು. ಇದನ್ನೆಲ್ಲ ಕಂಡೂ ಆರಾಮಾಗಿರುವವರ ಬಗ್ಗೆ ನನಗೆ ಅನುಮಾನ. ನನ್ನ ಮಾತು ಬೇರೆ. ಈ ಕಾಳಜಿಯನ್ನು ಚಿತ್ರದಲ್ಲಿ ತೋರಿಸೋ ಮೊದಲು ಚಿತ್ರ ಮಾಡುವ ರೀತಿಗೆ ತಂದುಕೋ. ಏನನ್ನು ನೋಡ್ತೀಯ, ಎಷ್ಟು ಹೊತ್ತು ನೋಡ್ತೀಯ, ಯಾವ ಬಣ್ಣ ಕಲೆಸ್ತೀಯ, ಬ್ರಶ್ ತೊಳೆದ ನೀರನ್ನು ಎಲ್ಲಿ ಚೆಲ್ತೀಯ. ಅಲ್ಲಿಂದ ಶುರು ಮಾಡು.

ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆದು ಗದ್ದೆಗೆ ಒಯ್ಯುವ ನಮ್ಮ ಮನೆಯ ಭೂಮಣ್ಣಿ ಬುಟ್ಟಿ ನೆನಪಿದೆಯಾ? ಚಿಕ್ಕವಳಿದ್ದಾಗ ಹಸಿ ಬಣ್ಣಕ್ಕೆ ಬೆರಳಿಟ್ಟು ಅಜ್ಜಿ ಹತ್ರ ಬೈಸಿಕೊಳ್ತಿದ್ದೆ. ಆಗ ನಿನಗೆ ಅದು ಬರೀ ಹಬ್ಬ. ಈಗ ಚಿತ್ರಕಲೆ ಓದಿದವಳಾಗಿ ಇನ್ನೊಂದ್ಸಲ ನೋಡು. ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಬಳಿಯಬೇಕು, ಸಂದಿ ಎಲ್ಲ ಮುಚ್ಚಬೇಕು. ಒಣಗಿದ ಮೇಲೆ ಕೆಮ್ಮಣ್ಣು. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ. ಕಪ್ಪಿಗೆ ಅದೇ ಅಕ್ಕಿಯನ್ನು ಕಪ್ಪಾಗುವ ತನಕ ಹುರಿದು ಅರೆಯೋದು. ಹಳದಿಗೆ ಗುರಿಗೆ ಕಾಯಿ. ಬ್ರಶ್ಶಿಗೆ ಪುಂಡಿ ಗಿಡದ ನಾರು, ತುದಿ ಜಜ್ಜಿ ಎಳೆ ಬಿಡಿಸಿದ್ದು. ಗೋಡೆಯ ಹಸೆ ಚಿತ್ತಾರಕ್ಕೂ ಇದೇ ಸಾಮಾನು. ಆ ನಾರಿನಲ್ಲಿ ಗೆರೆ ಎಳೆಯುವಾಗ ಅವಸರ ಮಾಡಿದರೆ ಹಿಟ್ಟು ಒಂದೇ ಕಡೆ ಇಳಿದು ಗೆರೆ ಊದಿಕೊಳ್ಳುತ್ತೆ. ಉಸಿರು ಹಿಡಿದು ಎಳೀಬೇಕು. ಅಜ್ಜಿ ಬುಟ್ಟಿಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಕೈಯನ್ನು ಅಲುಗಿಸದೆ ಬುಟ್ಟಿಯನ್ನೇ ತಿರುಗಿಸ್ತಿದ್ದರು. ನಾನು ಡ್ರಾಯಿಂಗ್ ಟೀಚರ್ ಆಗಿ ಇಷ್ಟು ವರ್ಷ ಪಾಠ ಮಾಡಿದರೂ ಆ ಗೆರೆ ನನಗೆ ಬರಲಿಲ್ಲ.

ಈ ಕೆಲಸದಲ್ಲಿ ಕಾಲ ಹೇಗೆ ಸೇರಿಕೊಂಡಿದೆ ನೋಡು. ಭೂಮಿ ಹುಣ್ಣಿಮೆ ಬರೋದು ಭತ್ತ ಹೊಡೆ ತುಂಬುವ, ಅಂದರೆ ತೆನೆ ಇನ್ನೂ ಗಿಡದ ಹೊಟ್ಟೆಯಲ್ಲೇ ಇರುವ ಹೊತ್ತಿಗೆ. ಭೂಮಿ ಬಸುರಿ ಅಂತ ನಂಬಿ, ಬಯಕೆ ಊಟ ಬೇಯಿಸಿ, ಅದನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬೆಳಗಾಗುವ ಮೊದಲೇ ಗದ್ದೆಗೆ ಹೋಗ್ತೀವಿ. ಸೊಪ್ಪು ಬೆರೆಸಿದ ಅನ್ನ ಬೀರುತ್ತಾ "ಹಚ್ಚಂಬಲಿ, ಹಾಲಂಬಲಿ" ಅಂತ ಕೂಗ್ತೀವಿ. 2023ರಲ್ಲಿ ಏನಾಯ್ತು? 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ಕ್ಕೆ ಬರ ಅಂತ ಘೋಷಣೆ ಆಯ್ತು. ಹುಣ್ಣಿಮೆ ಬಂದಾಗ ನಮ್ಮ ಮೇಲಿನ ಗದ್ದೆಯಲ್ಲಿ ಹೊಡೆಯೇ ಸರಿಯಾಗಿ ಕಟ್ಟಿರಲಿಲ್ಲ. ಆದರೂ ನಿನ್ನ ಅತ್ತೆ ಬುಟ್ಟಿ ಬರೆದಳು. ಭತ್ತದ ಸಸಿಯ ಗೆರೆಗಳನ್ನು ಪ್ರತಿ ವರ್ಷದ ಹಾಗೇ ಬರೆದಳು, ಒಂದು ತೆನೆಯನ್ನೂ ಕಡಿಮೆ ಮಾಡಲಿಲ್ಲ. ಯಾಕೆ ಅಂತ ಕೇಳಿದರೆ, "ಬಸುರಿ ಸೊರಗಿದಾಳೆ ಅಂತ ಬಯಕೆ ಊಟ ಬಿಡ್ತಾರಾ?" ಅಂದಳು. ಅವಳು ಹವಾಮಾನದ ಬಗ್ಗೆ ಒಂದು ಭಾಷಣ ಕೇಳಿದವಳಲ್ಲ. ಆ ವರ್ಷದ ಬುಟ್ಟಿ ಬರ ಕಂಡ ಕೈ ಬರೆದ ಬುಟ್ಟಿ. ನಿನ್ನ ಹಿಮಕರಡಿಯಲ್ಲಿ ನನಗೆ ಸಿಗದೇ ಇದ್ದದ್ದು ಅದೇ.

ಹಾಗಂತ ಎಲ್ಲ ಬಿಟ್ಟು ಕೆಮ್ಮಣ್ಣು ಕಲೆಸಿಕೊಂಡು ಕೂರು ಅಂತಲ್ಲ. ಮಣ್ಣಿನ ಗೋಡೆಗಳೇ ಉಳಿದಿಲ್ಲ. ಪುಂಡಿ ಬೆಳೆಯುವವರು ನಮ್ಮೂರಲ್ಲಿ ಬೆರಳೆಣಿಕೆ. ಹಸೆ ಚಿತ್ತಾರವೂ ಈಗ ಕಾಗದ, ಬಟ್ಟೆ ಮೇಲೆ ಬಂದಿದೆ, ಎಷ್ಟೋ ಕಡೆ ಅಕ್ರಿಲಿಕ್‌ನಲ್ಲೇ ಬರೆಯುತ್ತಾರೆ. ಅದರಿಂದ ನಾಲ್ಕು ಮನೆಯ ಹೆಂಗಸರಿಗೆ ಕಾಸು ಸಿಗುತ್ತೆ ಅಂದರೆ ನಾನು ಮೂಗು ಮುರಿಯಲ್ಲ. ಸಾಗರ, ಸೊರಬದಲ್ಲಿ ಮರ ಕೆತ್ತುವ ಗುಡಿಗಾರರನ್ನೇ ನೋಡು. ಗಂಧದ ಮರ ಕೈಗೆ ಸಿಗೋದು ಕಡಿಮೆ ಆದಂತೆ ಬೇರೆ ಮರಕ್ಕೆ ಉಳಿ ಹಚ್ಚಿದರು. ಕಾಡು ಬಡವಾದರೆ ಕಲೆಯ ಹೊಟ್ಟೆಗೂ ಹೊಡೆತ ಬೀಳುತ್ತೆ ಅನ್ನೋದು ಅವರಿಗೆ ನಮಗಿಂತ ಮೊದಲೇ ಗೊತ್ತು.

ಅಕ್ರಿಲಿಕ್ ಬಳಸು, ಆದರೆ ಅದು ಏನು ಅಂತ ತಿಳಿದು ಬಳಸು. ಹಸಿಯಿದ್ದಾಗ ನೀರಲ್ಲಿ ಬೆರೆಯುತ್ತೆ, ಒಣಗಿದರೆ ಪ್ಲಾಸ್ಟಿಕ್ ಪೊರೆ. ಪ್ಲಾಸ್ಟಿಕ್ ನುಂಗಿದ ಮೀನನ್ನು ಬರೆದು, ಆ ಬ್ರಶ್ಶನ್ನೇ ಹಾಸ್ಟೆಲ್ ಸಿಂಕಿನಲ್ಲಿ ತೊಳೆದರೆ ಹೇಗೆ? ಮೊದಲು ಹಳೇ ಬಟ್ಟೆಯಲ್ಲಿ ಚೆನ್ನಾಗಿ ಒರೆಸು. ತೊಳೆದ ನೀರನ್ನು ಅಗಲ ಟಬ್ಬಿನಲ್ಲಿ ಬಿಸಿಲಿಗಿಡು. ನೀರು ಆರಿದ ಮೇಲೆ ಉಳಿಯುವ ಪದರ ಕೆರೆದು ಕಸಕ್ಕೆ ಹಾಕು. ಟರ್ಪೆಂಟೈನ್ ಅಂತೂ ಮೋರಿಗೆ ಸುರಿಯಲೇಬೇಡ. ಇನ್ನು 'ನ್ಯಾಚುರಲ್' ಅಂತ ಬರೆದ ಡಬ್ಬಿ ಕಂಡರೆ ಕೈಮುಗಿಯುವ ಅಭ್ಯಾಸವೂ ಬೇಡ. ಹಳೇ ಚಿತ್ರಕಾರರ ಕೆಂಪು, ಇಂಗಳೀಕ, ಪಾದರಸದ್ದು. ಹಳದಿ ಅರಿದಾಳ ಆರ್ಸೆನಿಕ್‌ನದು. ಎರಡೂ ನೆಲದಿಂದಲೇ ಬಂದವು, ಎರಡೂ ವಿಷ.

ನೀನು ಕಳಿಸಿದ ಮಂಜುಗಡ್ಡೆಯ ವಿಡಿಯೋನೂ ನೋಡಿದೆ. ಓಲಾಫುರ್ ಎಲಿಯಾಸನ್ ಅನ್ನೋ ಕಲಾವಿದ ಗ್ರೀನ್‌ಲ್ಯಾಂಡಿನಿಂದ ದೊಡ್ಡ ದೊಡ್ಡ ಮಂಜಿನ ತುಂಡು ತಂದು 2018ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ ಮುಂದೆ ಇಟ್ಟಿದ್ದು, ಅಲ್ವಾ? ಮಕ್ಕಳು ಅದಕ್ಕೆ ಕೆನ್ನೆ ಒತ್ತಿ ನಿಂತಿದ್ದಾರೆ. ಅಷ್ಟು ದೂರ ಮಂಜು ಹೊರೋದು ಯಾತಕ್ಕೆ ಅಂತ ನನಗೆ ಮೊದಲು ಸಿಟ್ಟೇ ಬಂತು. ಆಮೇಲೆ ಓದಿದೆ. ಆಗಲೇ ಒಡೆದು ಸಮುದ್ರದಲ್ಲಿ ತೇಲುತ್ತಿದ್ದ ತುಂಡುಗಳನ್ನು ಹಿಡಿದು ತಂದದ್ದಂತೆ. ಸಾಗಿಸೋಕೆ ಎಷ್ಟು ಇಂಗಾಲ ಖರ್ಚಾಯ್ತು ಅಂತ ಲೆಕ್ಕ ಹಾಕಿಸಿ ಜನರ ಮುಂದೆ ಇಟ್ಟಿದ್ದಾರೆ. ಅದು ನನಗೆ ಹಿಡಿಸಿತು. ನಿನಗೆ ಅನುಕರಣೆ ಮಾಡಬೇಕು ಅನಿಸಿದರೆ ಮಂಜನ್ನು ಬಿಟ್ಟು ಆ ಲೆಕ್ಕವನ್ನು ಮಾಡು.

ಈಗ ನಿನಗೊಂದು ಕೆಲಸ. ಹಾಸ್ಟೆಲ್ ಗೇಟಿನ ಹತ್ತಿರ ಹೊಂಗೆ ಮರ ಇದೆ ಅಂದಿದ್ದೆಯಲ್ಲ, ಅದನ್ನೇ ಹಿಡಿ. ವಾರಕ್ಕೊಂದು ಚಿತ್ರ. ದೊಡ್ಡದು ಬೇಡ, ಅಂಗೈಯಗಲ ಸಾಕು. ಕೆಳಗೆ ತಾರೀಖು, ಮಳೆ ಬಂತಾ ಇಲ್ವಾ, ಬಿಸಿಲು ಹೇಗಿತ್ತು, ಇಷ್ಟು ಬರಿ. ಎಲೆ ಉದುರಿದ ದಿನ, ಚಿಗುರು ಮೊದಲು ಕಂಡ ದಿನ, ಹೂ ನೆಲಕ್ಕೆ ಹಾಸಿದ ದಿನ. ಎಲೆ ಮೇಲೆ ಹುಳ ಕೊರೆದ ಬಿಳಿ ಮಚ್ಚೆ ಇರುತ್ತಲ್ಲ, ಅದನ್ನೂ ಬಿಡಬೇಡ. ಚೆಂದ ಮಾಡೋಕೆ ಹೋಗಿ ಅಳಿಸಲೇಬೇಡ.

ಇದು ಸುಮ್ನೆ ಕೈ ಪಳಗಿಸೋ ಅಭ್ಯಾಸ ಅಂದುಕೊಳ್ಳಬೇಡ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಯಾವ ದಿನ ಪೂರ್ತಿ ಅರಳಿತು ಅನ್ನುವ ಲೆಕ್ಕ ಒಂಬತ್ತನೇ ಶತಮಾನದಿಂದ ಸಿಗುತ್ತೆ. ಬರೆದಿಟ್ಟವರು ವಿಜ್ಞಾನಿಗಳಲ್ಲ. ಅರಮನೆಯವರು, ಸನ್ಯಾಸಿಗಳು, ಹೂ ನೋಡೋಕೆ ಹೋಗಿ ಪದ್ಯ ಕಟ್ಟಿದವರು. ಅವರಿಗೆ ಹೂ ಇಷ್ಟ ಇತ್ತು, ತಾರೀಖು ಬರೆಯುವ ಅಭ್ಯಾಸ ಇತ್ತು, ಅಷ್ಟೇ. 2021ರಲ್ಲಿ ಹೂ ಮಾರ್ಚ್ 26ಕ್ಕೇ ಅರಳಿದಾಗ, 1200 ವರ್ಷಗಳಲ್ಲಿ ಅಷ್ಟು ಬೇಗ ಅರಳಿದ್ದಿಲ್ಲ ಅಂತ ಹೇಳೋಕೆ ಆಗಿದ್ದು ಆ ದಿನಚರಿಗಳಿಂದ. ಎಲೆ ಬರೆಯೋಕೆ ನಾಚಿಕೆ ಅಂದೆಯಲ್ಲ, ಅದಕ್ಕೇ ಇದನ್ನು ಹೇಳಿದೆ.

ಆ ಆರಡಿ ಕ್ಯಾನ್ವಾಸನ್ನು ಎಸೆಯಬೇಡ. ಅದಕ್ಕೆ ದುಡ್ಡು ಬಿದ್ದಿದೆ. ಮೇಲೆ ಬಿಳಿ ಹೊಡೆದು ಇನ್ನೊಂದಕ್ಕೆ ಬಳಸು.

ಮೆರವಣಿಗೆಗೆ ಹೋಗಲಾ, ಚಿತ್ರ ಬರೆಯುತ್ತಾ ಕೂರಲಾ ಅಂತ ಕೇಳಿದ್ದೀಯ. ಎರಡನ್ನೂ ಒಂದೇ ಗಾಡಿಗೆ ಯಾಕೆ ಹೂಡ್ತೀಯ? ಶಿವರಾಮ ಕಾರಂತರು ಬರೆದರು, ಯಕ್ಷಗಾನ ಕುಣಿಸಿದರು, ಚಿತ್ರ ಬರೆದರು. ಕೈಗಾ ಅಣುಸ್ಥಾವರ ಬೇಡ ಅನಿಸಿದಾಗ 1989ರಲ್ಲಿ, 87ನೇ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೇ ನಿಂತರು. ಸೋತರು. ಆದರೆ ಚುನಾವಣೆ ಮಾಡಬೇಕಾದ ಕೆಲಸವನ್ನು ಚಿತ್ರದ ತಲೆಗೆ ಕಟ್ಟಲಿಲ್ಲ. 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯವರೂ ಹಾಗೇ. ಮೊದಲು ಕಳಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿ ನಿಂತರು. ಮರ ಉಳಿಸುವ ಆ ಅಪ್ಪಿಕೋ ಚಳವಳಿ ಊರಿಂದೂರಿಗೆ ಹಬ್ಬುವಾಗ ಹಾಡು, ಬೀದಿ ನಾಟಕ ಜೊತೆಗೆ ಹೋದವು. ಕೊಡಲಿ ತಡೆದದ್ದು ಜನರ ಮೈ.

ಹಾಗಾಗಿ ಮೆರವಣಿಗೆ ಇದ್ದ ದಿನ ಹೋಗು. ಟೋಪಿ ಹಾಕಿಕೋ, ನೀರಿನ ಬಾಟಲಿ ಮನೆಯಿಂದ ತಂದ ಸ್ಟೀಲಿನದೇ ಇರಲಿ. ಗೆಳತಿಯರಿಗೆ ಬೋರ್ಡು ನೀನೇ ಬರೆದುಕೊಡು, ಅಕ್ಷರ ದಪ್ಪ ಇರಲಿ, ರಸ್ತೆಯ ಆಚೆ ಬದಿಯವರಿಗೂ ಓದೋಕೆ ಬರಬೇಕು. ಹೊಂಗೆಯ ಚಿತ್ರ ಮೂರ್ನಾಲ್ಕು ಆದ ಮೇಲೆ ಫೋಟೋ ಕಳಿಸು. ಮಚ್ಚೆ ಅಳಿಸಿದ್ದರೆ ನನಗೆ ಗೊತ್ತಾಗುತ್ತೆ.

ಇಂತಿ,
ನಿನ್ನ ದೊಡ್ಡಮ್ಮ